ಹುಬ್ಬಳ್ಳಿಯಿಂದ ತಂದ ಮಣ್ಣು

ನಮ್ಮ ಅಣ್ಣಿಗೇರಿಯ ಭೂಮಿಯನ್ನು ಬಲ್ಲವರ ಮುಂದೆ ಈ ಮಾತು ಹೇಳಲು ಸ್ವಲ್ಪ ಧೈರ್ಯ ಬೇಕು. ನಾನು ಒಮ್ಮೆ, ಪೂರ್ಣ ಎಚ್ಚರದಲ್ಲಿದ್ದಾಗ, ಯಾರ ಒತ್ತಾಯವೂ ಇಲ್ಲದೆ, ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಮಣ್ಣು ಕೊಂಡು ಊರಿಗೆ ತಂದಿದ್ದೇನೆ.

ಅರಿಯದವರಿಗಾಗಿ ಒಂದೆರಡು ಮಾತು. ನಮ್ಮ ಕಡೆ ನೀರಿಗೆ ಬರ ಬಂದದ್ದುಂಟು, ಕಾಳಿಗೆ ಬಂದದ್ದುಂಟು, ಬುದ್ಧಿಗಂತೂ ಆಗಾಗ ಬರುತ್ತಲೇ ಇರುತ್ತದೆ. ಮಣ್ಣಿಗೆ ಮಾತ್ರ ಬಂದದ್ದಿಲ್ಲ. ಅದು ಕರಿ ಎರಿ ಮಣ್ಣು. ಒಂದು ಮಳೆ ಬಿದ್ದರೆ ಸಾಕು, ಹೊಲಕ್ಕೆ ಹೋದವನು ಬರುವಾಗ ಎರಡೂ ಕಾಲಿಗೆ ಅಷ್ಟಷ್ಟು ಹೊಲ ಕಟ್ಟಿಕೊಂಡೇ ಬರುತ್ತಾನೆ. ಎಷ್ಟೋ ಸಲ ಮನುಷ್ಯ ಮನೆ ಸೇರುತ್ತಾನೆ, ಅವನ ಚಪ್ಪಲಿ ಹೊಲದಲ್ಲೇ ವಸ್ತಿ ಮಾಡುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಬಿರಿದು, ಬಿದ್ದ ಕೀಲಿಕೈಯನ್ನು ಪಾತಾಳಕ್ಕೆ ಒಪ್ಪಿಸುತ್ತದೆ. ನಮ್ಮ ಮನೆಯ ಗೋಡೆ ಮಣ್ಣು, ಮೇಲಿನ ಮಾಳಿಗೆ ಮಣ್ಣು, ಮಳೆಗಾಲದಲ್ಲಿ ಮಾಳಿಗೆ ಸೋರಿದರೆ ಊಟದ ತಾಟಿನಲ್ಲೂ ಮಣ್ಣು. ಇಂಥ ಊರಿಗೆ ನಾನು ಒಂದು ಸಣ್ಣ ರಟ್ಟಿನ ಡಬ್ಬಿಯಲ್ಲಿ, ಮೇಲೊಂದು ಪಾರದರ್ಶಕ ಕಾಗದ ಸುತ್ತಿಸಿ, ಆರು ಬಣ್ಣದ ಮಣ್ಣು ತಂದೆ. ಮಗಳ ಹುಟ್ಟುಹಬ್ಬಕ್ಕೆ.

ಎಂಬತ್ತರ ದಶಕದ ನಡುವಿನ ಮಾತು. ನಾನು ಆಗ ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಮುಂಜಾನೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುವ ಪಾಸಿನ ಪ್ರಾಣಿ. ಪಾಸಿನವರ ಬೋಗಿಯಲ್ಲಿ ಗುಟ್ಟೆಂಬುದು ಉಳಿಯುವುದಿಲ್ಲ. ಒಬ್ಬನ ಊಟದ ಡಬ್ಬಿಯ ಬದನೆಕಾಯಿಯೂ ಉಳಿದವರ ಚರ್ಚೆಗೆ ಒಳಪಟ್ಟೇ ಹೊಟ್ಟೆಗೆ ಹೋಗಬೇಕು. ನನ್ನ ಎದುರಿಗೆ ದಿನಾ ಕೂಡುತ್ತಿದ್ದ ಗುರುಪಾದಪ್ಪನವರು, ಕಾಳಿನ ಅಡತಿ ಅಂಗಡಿಯಲ್ಲಿ ದಲಾಲಿ ಮಾಡುವವರು, ಚೀಲದೊಳಗಿನ ಜೋಳವನ್ನು ಹೊರಗಿನಿಂದಲೇ ಮುಟ್ಟಿ ಗುಣ ಹೇಳುವವರು, ನನ್ನ ಡಬ್ಬಿಯನ್ನು ಕೈಗೆ ತೆಗೆದುಕೊಂಡರು. ಒತ್ತಿದರು. ಮೂಸಿದರು.

"ಏನ್ರಿ ಇದು, ಮಿಠಾಯಿಯೇನು?"

"ಅಲ್ರಿ. ಮಣ್ಣು."

"ಎಂಥಾದ್ದು?"

"ಆಡೂ ಮಣ್ರಿ. ಹುಡುಗೂರು ಗೊಂಬಿ ಮಾಡತಾರ."

ಗುರುಪಾದಪ್ಪನವರು ಕಿಡಕಿಯ ಹೊರಗೆ ನೋಡಿದರು. ಅಲ್ಲಿ, ದಿಗಂತದ ತನಕ, ಮೊನ್ನೆಯ ಮಳೆಗೆ ನೆನೆದು ಮಿರಿಮಿರಿ ಮಿಂಚುತ್ತ, ಪುಕ್ಕಟೆಯಾಗಿ ಬಿದ್ದುಕೊಂಡಿತ್ತು ಮಣ್ಣು. ಡಬ್ಬಿಯನ್ನು ಬಾಜು ಕೂತವರಿಗೆ ದಾಟಿಸಿದರು. ಅದು ಇಡೀ ಬೋಗಿಯ ಪ್ರದಕ್ಷಿಣೆ ಮಾಡಿ, ಎಲ್ಲರ ಹೆಬ್ಬೆರಳಿನ ಮುದ್ರೆ ಹೊತ್ತುಕೊಂಡು ನನ್ನ ಬಳಿಗೆ ಬಂತು. ಇಳಿಯುವಾಗ ಮಾತ್ರ ಅವರು ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು: "ಮುಂದಿನ ವಾರ ಗಾಳಿ ತರತೀರೇನ್ರಿ?"

ನಗಲಿ. ನಾನು ಮಣ್ಣು ಕೊಂಡದ್ದು ಮಣ್ಣಿಗಾಗಿ ಅಲ್ಲ. ಡಬ್ಬಿಯ ಹಿಂದೆ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದಲ್ಲಿ ಛಾಪಿಸಿದ್ದ ಒಂದು ಸಾಲಿಗಾಗಿ. 'ಮಕ್ಕಳು ಒಬ್ಬರೇ ಆಡಬಾರದು, ಮನೆಯ ದೊಡ್ಡವರೊಬ್ಬರು ಜೊತೆಗೆ ಕೂತು ಆಡಿಸತಕ್ಕದ್ದು' ಎಂಬರ್ಥದ ಸಾಲು. ಅಂಗಡಿಯಲ್ಲಿ ಅದನ್ನು ಓದಿದಾಗ ನನಗೆ ಮೇಲಧಿಕಾರಿಯ ಲಿಖಿತ ಆದೇಶ ಕೈಗೆ ಸಿಕ್ಕಷ್ಟು ಸಮಾಧಾನವಾಯಿತು. ಇಂಥ ಒಂದು ಆದೇಶಕ್ಕಾಗಿ ನಾನು ಆರು ವರ್ಷ ಕಾದಿದ್ದೆ.

ಇದಕ್ಕೆ ನಮ್ಮ ಮನೆಯ ಕಾನೂನು ಗೊತ್ತಿರಬೇಕು. ಹಿರಿಯರ ಎದುರಿಗೆ ಗಂಡಸು ತನ್ನ ಕೂಸನ್ನು ಎತ್ತಬಾರದು, ಮುದ್ದಾಡಬಾರದು, ಅದರೊಡನೆ ನೆಲದ ಮೇಲೆ ಕೂತು ಆಡಬಾರದು. ಅದು ಅಮರ್ಯಾದೆ, ನಾಚಿಕೆಗೇಡು. ತಮ್ಮನ ಕೂಸನ್ನು ಎತ್ತಬಹುದು. ನೆರೆಮನೆಯವರ ಕೂಸನ್ನು ಎತ್ತಬಹುದು. ಸಂತಿಯಲ್ಲಿ ಕಂಡ ಅಪರಿಚಿತರ ಕೂಸನ್ನೂ ಎತ್ತಬಹುದು, ಅವರು ಕೊಟ್ಟರೆ. ತನ್ನದು ಮಾತ್ರ ಆಗದು. ಇದು ಯಾವ ಶಾಸ್ತ್ರದಲ್ಲಿದೆ ಎಂದು ನಾನು ಬಲ್ಲವರನ್ನು ಕೇಳಿದ್ದೇನೆ. ಮಠದ ಸ್ವಾಮಿಗಳನ್ನು ಕೇಳಿದೆ. ಅವರು ಸಂಸಾರದ ಸಂಗತಿ ತಮ್ಮ ವ್ಯಾಪ್ತಿಗೆ ಬಾರದೆಂದರು. ಸಾಲಿಯ ಸಂಸ್ಕೃತ ಮಾಸ್ತರರನ್ನು ಕೇಳಿದೆ. ಅವರಿಗೂ ಹೊಳೆಯಲಿಲ್ಲ, ಆದರೆ ತಮ್ಮ ಮನೆಯಲ್ಲೂ ಹೀಗೇ ಎಂದರು. ಎಲ್ಲೂ ಬರೆದಿಲ್ಲದ ಕಾನೂನನ್ನು ತಿದ್ದುವುದಾದರೂ ಹೇಗೆ?

ಕಾನೂನಿದ್ದಲ್ಲಿ ಸಂದು ಇದ್ದೇ ಇರುತ್ತದೆ. ನನ್ನ ತಮ್ಮ ಶಿವಾನಂದನಿಗೂ ಒಂದು ಗಂಡು ಕೂಸಿತ್ತು. ನಾವಿಬ್ಬರೂ ಮಾತಿಲ್ಲದ ಒಂದು ಒಪ್ಪಂದಕ್ಕೆ ಬಂದಿದ್ದೆವು. ನನ್ನ ಮಗಳು ನೀಲಾ ಅವನ ಹೆಗಲ ಮೇಲೆ, ಅವನ ಮಗ ನನ್ನ ಹೆಗಲ ಮೇಲೆ. ಹೀಗೆ ಪಡಸಾಲೆಯಲ್ಲಿ ಎದುರುಬದರು ನಿಂತು, ಅವರವರ ಕೂಸಿನ ಯೋಗಕ್ಷೇಮವನ್ನು ಕಣ್ಣಿನಲ್ಲೇ ವಿಚಾರಿಸಿಕೊಳ್ಳುತ್ತಿದ್ದೆವು. ನಾನು ಅವನ ಮಗನಿಗೆ ಮುತ್ತು ಕೊಟ್ಟರೆ ಅವನು ಮರೆಯದೆ ನನ್ನ ಮಗಳಿಗೆ ಕೊಡುತ್ತಿದ್ದ. ವ್ಯವಹಾರ ಚೊಕ್ಕವಿತ್ತು.

ಆದರೆ ಇಂಥ ವ್ಯವಹಾರದಲ್ಲಿ ಒಂದು ನಷ್ಟವುಂಟು. ನೀಲಾ ನನ್ನನ್ನು ಕರೆಯುತ್ತಿದ್ದದ್ದೇ 'ಅಣ್ಣಾ' ಎಂದು, ಶಿವಾನಂದ ಹಾಗೆ ಕರೆಯುವುದನ್ನು ಕೇಳಿ ಕಲಿತದ್ದು. ಅದೇನೂ ದೊಡ್ಡದಲ್ಲ, ನಮ್ಮ ಕಡೆ ಅರ್ಧ ಊರು ಅಪ್ಪನನ್ನು ಅಣ್ಣಾ, ಕಾಕಾ ಎಂದೇ ಕರೆದು ಬೆಳೆದಿದೆ. ನನಗೆ ನಾಟಿದ್ದು ಬೇರೆ. ಆ ವರ್ಷ ಸಾಲಿಗೆ ಹೆಸರು ಹಚ್ಚಲು ಹೋದಾಗ ಕಲಿಸುವ ಅಕ್ಕಾವರು, "ನಿಮ್ಮಪ್ಪ ಏನ ಮಾಡತಾನವಾ?" ಎಂದು ಕೇಳಿದರೆ ನೀಲಾ ಸ್ವಲ್ಪ ವಿಚಾರ ಮಾಡಿ, "ರೈಲಿಗೆ ಹೋಗತಾನ್ರಿ" ಎಂದಳಂತೆ. ಅವಳಿಗೆ ನನ್ನ ಬಗ್ಗೆ ಗೊತ್ತಿದ್ದದ್ದು ಅಷ್ಟೇ. ತಪ್ಪೂ ಅಲ್ಲ. ನಾನು ಮುಂಜಾನೆ ಹೋಗುವ, ಸಂಜೆ ಬರುವ, ರವಿವಾರ ಪೇಪರಿನ ಹಿಂದೆ ಇರುವ ಒಬ್ಬ ಮರ್ಯಾದಸ್ಥ ನೆಂಟ. ಇನ್ನೊಂದು ನಾಲ್ಕು ವರ್ಷ ಹೀಗೇ ಕಳೆದರೆ ಅವಳು ನನಗೆ ಚಹಾ ತಂದಿಟ್ಟು, 'ಆರಾಮ ಅದೀರೇನ್ರಿ?' ಎಂದು ಕೇಳುವ ದಿನ ಬರಬಹುದೆಂದು ನನಗೆ ಒಳಗೊಳಗೇ ಅಂಜಿಕೆ ಹುಟ್ಟಿತ್ತು.

ಆದ್ದರಿಂದ ಡಬ್ಬಿ. ಹುಟ್ಟುಹಬ್ಬವೆಂಬುದೂ ನಮ್ಮ ಮನೆಗೆ ಹೊಸದೇ. ನಮ್ಮಪ್ಪ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಕೇಳಿದರೆ, ಹಿಂಗಾರಿ ಜೋಳ ಹಾಲುಗಾಳಿಗೆ ಬಂದಾಗ, ಎಂದಷ್ಟೇ ಹೇಳುವರು. ಯಾವ ವರ್ಷದ ಜೋಳ ಎಂಬುದು ಜೋಳಕ್ಕೇ ಗೊತ್ತು. ನೀಲಾ ಮಾತ್ರ ಮಣ್ಣೆತ್ತಿನ ಅಮಾವಾಸ್ಯೆಗೆ ಎರಡು ದಿನ ಮುಂಚೆ ಹುಟ್ಟಿದವಳು. ಆ ಅಮಾವಾಸ್ಯೆಗೆ ನಮ್ಮಲ್ಲಿ ಮನೆಮನೆಯಲ್ಲೂ ಎರಿ ಮಣ್ಣಿನ ಎತ್ತು ಮಾಡಿ ಪೂಜಿಸುತ್ತಾರೆ. ಮಾಡುವವರು ಹೆಂಗಸರು, ಮಕ್ಕಳು. ಗಂಡಸರು ಜೀವಂತ ಎತ್ತುಗಳನ್ನಷ್ಟೇ ನೋಡಿಕೊಳ್ಳತಕ್ಕದ್ದು. ಆ ಸಲ ಹುಟ್ಟುಹಬ್ಬ ರವಿವಾರವೇ ಬಂದಿತ್ತು. ಹಿಂದಿನ ಸಂಜೆ ನಾನು ನೀಲಾಳ ಕಿವಿಯಲ್ಲಿ, "ನಾಳೆ ಅಜ್ಜ ಹೊಲಕ್ಕ ಹೋದ ಮ್ಯಾಲೆ ನಾನೂ ನೀನೂ ಕೂಡಿ ಎತ್ತು ಮಾಡೂಣು" ಎಂದು ಹೇಳಿದ್ದೆ. ಅಪ್ಪ ದಿನಾ ಮುಂಜಾನೆ ಹೊಲಕ್ಕೆ ಹೋಗುವುದು ಸೂರ್ಯ ಹುಟ್ಟುವಷ್ಟೇ ಖಚಿತ. ಆದೇಶ ಕೈಯಲ್ಲಿದ್ದರೂ ಗುಮಾಸ್ತನಾದವನು ಅದನ್ನು ಸಾಹೇಬರು ಇಲ್ಲದಾಗ ಜಾರಿಗೆ ತರುವುದೇ ಕ್ಷೇಮ.

ಮರುದಿನ ಸೂರ್ಯ ಹುಟ್ಟಲಿಲ್ಲ. ಅಂದರೆ ಹುಟ್ಟಿದ್ದಾನು, ಮೋಡದ ಹಿಂದೆ. ಜಿಟಿಜಿಟಿ ಮಳೆ ಹಿಡಿದಿತ್ತು. ಅಪ್ಪ ಬಾಗಿಲಿಗೆ ಹೋಗಿ ಆಕಾಶ ನೋಡಿದರು, ನೆಲ ನೋಡಿದರು, ಒಳಗೆ ಬಂದು ಪಡಸಾಲೆಯ ಹೊರಸಿನ ಮೇಲೆ ಕೂತು ಅಡಕೊತ್ತು ಕೈಗೆತ್ತಿಕೊಂಡರು. ಅಪ್ಪ ಅಡಿಕೆ ಕತ್ತರಿಸಲು ಕೂತರೆಂದರೆ ಅದು ಆ ದಿನದ ಠರಾವು.

ನೀಲಾಗೆ ಆರತಿ ಆಯಿತು. ಹೊಸ ಫ್ರಾಕು ಹಾಕಿದಳು. ಅವ್ವ ಸಜ್ಜಕ ಮಾಡಿ ತುಪ್ಪ ಸುರಿದಳು. ಡಬ್ಬಿಯನ್ನು ನನ್ನ ಹೆಂಡತಿಯ ಕೈಯಿಂದ ಕೊಡಿಸಿದೆ. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದೆ. ಅವ್ವ ಡಬ್ಬಿ ತೆರೆದು ನೋಡಿ ದಿಗಿಲುಬಿದ್ದಳು.

"ಮಣ್ಣಲ್ಲೋ ಇದು? ಮಣ್ಣ ಕೊಂಡ ತಂದೀಯೇನೋ ನಮ್ಮಪ್ಪಾ? ಹಿತ್ತಲದಾಗ ಒಂದ ಬುಟ್ಟಿ ತರಿಸಿಟ್ಟೀನಿ ಅಮಾಸಿಗೆ!"

"ಇದು ಬಣ್ಣದ್ದ ಬೇ."

"ಬಣ್ಣದ್ದಾದ್ರ ಬ್ಯಾಳಿ ಬೆಳಿತಾವೇನು?"

ಅಡಕೊತ್ತು ಕಟಕ್ ಎಂದಿತು.

ಆಮೇಲೆ ಶುರುವಾಯಿತು ನನ್ನ ಪರದಾಟ. ನೀಲಾ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಂಬಕ್ಕೆ ಆತು ಕೂತಳು. ತೆರೆಯಲಿಲ್ಲ. 'ಕೂಡಿ ಮಾಡೂಣು' ಎಂದಿದ್ದೆನಲ್ಲ. ನಾನು ಗಡ್ಡ ಮಾಡಿಕೊಂಡೆ, ಬೇಕಾದದ್ದಕ್ಕಿಂತ ನುಣ್ಣಗೆ. ಸೈಕಲ್ಲು ಒರೆಸಿದೆ, ಅದು ಮಳೆಯಲ್ಲಿ ಮತ್ತೆ ತೊಯ್ಯಲಿತ್ತು. ಪೇಪರು ಓದಿದೆ, ಎಂದೂ ಓದದ ಟೆಂಡರ್ ನೋಟೀಸುಗಳ ಸಮೇತ. ಪ್ರತಿ ಸಲ ಪಡಸಾಲೆ ದಾಟುವಾಗಲೂ ನೀಲಾ ನನ್ನನ್ನು ನೋಡುವಳು, ನಾನು ಅಪ್ಪನನ್ನು ನೋಡುವೆನು, ಅಪ್ಪ ಅಡಿಕೆಯನ್ನು ನೋಡುವರು. ಅಷ್ಟು ಅಡಿಕೆ ನಮ್ಮ ಮನೆಯಲ್ಲಿ ಮದುವೆಗಳಲ್ಲೂ ಕತ್ತರಿಸಿದ್ದಿಲ್ಲ. ತಮ್ಮ ಶಿವಾನಂದ ಬಾಗಿಲಲ್ಲಿ ನಿಂತು, ನೆರವಿಗೆ ಬರಲೇ ಎಂದು ಕಣ್ಣಿನಲ್ಲೇ ಕೇಳಿದ. ಬೇಡವೆಂದೆ. ಅವನು ಕೂತರೆ ಕಾನೂನಿಗೆ ಒಳ್ಳೆಯದು. ಆದರೆ ಮತ್ತೊಂದು ಹುಟ್ಟುಹಬ್ಬ ಅವನ ಖಾತೆಗೇ ಜಮಾ ಆಗುತ್ತಿತ್ತು.

ಮಕ್ಕಳ ತಾಳ್ಮೆಗೆ ಒಂದು ಅಳತೆ ಇರುತ್ತದೆ. ನೀಲಾ ಎದ್ದಳು. ಡಬ್ಬಿ ಹಿಡಿದು ನೇರವಾಗಿ ಹೊರಸಿನ ಹತ್ತಿರ ಹೋದಳು.

"ಅಜ್ಜಾ, ನೀ ಹೊಲಕ್ಕ ಯಾವಾಗ ಹೋಗ್ತಿ?"

"ಮಳಿ ಐತೆಲ್ಲವಾ. ಇವತ್ತ ಹೋಗೂದಿಲ್ಲ. ಯಾಕ?"

"ನೀ ಹ್ವಾದ ಮ್ಯಾಲೆ ಅಣ್ಣಾ ನನ್ನ ಜೋಡಿ ಆಡಾಕ ಬರ್ತೀನಿ ಅಂದಾನ."

ಅಡಕೊತ್ತು ಬಾಯಿ ತೆರೆದುಕೊಂಡೇ ನಿಂತಿತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳವೂ ನಿಂತಿತು. ಆ ಮನೆಯಲ್ಲಿ ಗೋಡೆಗಳ ಕಿವಿಗಿಂತ ಹೆಂಗಸರ ಕಿವಿ ಚುರುಕು. ನಾನು ಟೆಂಡರ್ ನೋಟೀಸಿನ ಹಿಂದೆ ನನ್ನಿಂದಾದಷ್ಟು ಸಣ್ಣವನಾದೆ.

"ಲೇ ತಮ್ಮಾ," ಎಂದು ಅಪ್ಪ ನನ್ನ ಕಡೆ ತಿರುಗಿದರು. "ಇಲ್ಲಿ ಬಾ."

ಹೋದೆ. ಬೇರೆ ದಾರಿ ಕಾಣದೆ, ಡಬ್ಬಿಯನ್ನು ತಿರುವಿ, ಹಿಂದಿನ ಸಾಲನ್ನು ತೋರಿಸಿ, ಅದರ ಅರ್ಥ ಹೇಳಿದೆ. "ನನ್ನ ಮಾತಲ್ರಿ ಅಪ್ಪಾ. ಛಾಪಾ ಹಾಕ್ಯಾರ. ಮನೀ ದೊಡ್ಡವರೊಬ್ಬರು ಜೋಡಿ ಕುಂದರಬೇಕಂತ."

ಅಪ್ಪ ಚಸ್ಮಾ ಏರಿಸಿ, ತಮಗೆ ಓದಲು ಬಾರದ ಆ ಇಂಗ್ಲಿಷ್ ಸಾಲನ್ನು ಬಹಳ ಹೊತ್ತು, ಎಡಬಲಕ್ಕೆ ತಲೆಯಾಡಿಸುತ್ತ ಪರಿಶೀಲಿಸಿದರು.

"ಈ ಮನ್ಯಾಗ ದೊಡ್ಡಾಂವ ಯಾರು?"

"ನೀವರಿ."

"ಮತ್ತ ನೀ ಯಾಕ ನಡುವ ಬಾಯಿ ಹಾಕ್ತಿ?"

ಹೀಗೆಂದು ಅಪ್ಪ ಅಡಕೊತ್ತು ಬದಿಗಿಟ್ಟು, ಮೊಣಕಾಲಿಗೆ ಕೈಯೂರಿ, ಹೊರಸಿನಿಂದ ನೆಲಕ್ಕೆ ಇಳಿದು ನೀಲಾಳ ಎದುರು ಚಕ್ಕಳಮಕ್ಕಳ ಹಾಕಿ ಕೂತರು. ನಾನು ತಂದ ಆದೇಶವೇ ನನ್ನನ್ನು ವಜಾ ಮಾಡಿತ್ತು. ಮರ್ಯಾದೆಯಿಂದ ಹಿಂದೆ ಸರಿಯತೊಡಗಿದೆ.

"ಅಣ್ಣಾನೂ ಕುಂದರಬೇಕು," ಎಂದಳು ನೀಲಾ. ದನಿ ಸ್ವಲ್ಪ ಒಡೆದಿತ್ತು. "ಆಂವನ ತಂದಾನ. ಆಂವನ ಕೂಡಿ ಮಾಡೂಣು ಅಂದಾನ."

ಅಪ್ಪ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಯಾವ ನ್ಯಾಯಾಧೀಶನೂ ಅಸೂಯೆಪಡುವಂಥ ತೀರ್ಪು ಕೊಟ್ಟರು:

"ಕುಂದರಲಿ. ನಾ ಕುಂತಲ್ಲೆ ಆಂವನೂ ಹುಡುಗನ. ಹುಡುಗೂರು ಹುಡುಗೂರು ಕೂಡಿ ಆಡಿದ್ರ ಯಾರ ಏನಂತಾರ?"

ಎಲ್ಲೂ ಬರೆದಿಲ್ಲದ ಕಾನೂನನ್ನು ಹೇಗೆ ತಿದ್ದಬೇಕೆಂದು ನನಗೆ ಆ ದಿನ ತಿಳಿಯಿತು. ತಿದ್ದಬಾರದು, ಅದು ಇದ್ದಲ್ಲೇ ಇರಲಿ ಎಂದು ಬಾಜು ಸರಿದು ಕೂಡಬೇಕು. ಅಪ್ಪ ಒಂದಕ್ಷರ ಕದಲಿಸಲಿಲ್ಲ. ನನ್ನನ್ನು ಮಾತ್ರ ತಂದೆಯ ಹುದ್ದೆಯಿಂದ ಮಗನ ಹುದ್ದೆಗೆ ಹಿಂಬಡ್ತಿ ಕೊಟ್ಟು ಇಳಿಸಿದರು. ನಾನು ನೌಕರಿಯಲ್ಲಿ ಕಂಡ ಎಲ್ಲ ಬಡ್ತಿಗಳಿಗಿಂತ ಅದು ದೊಡ್ಡದಿತ್ತು. ಕೂತೆ. ನೀಲಾಳ ಮೊಣಕಾಲು ನನ್ನ ಮೊಣಕಾಲಿಗೆ ತಗಲುತ್ತಿತ್ತು.

ಡಬ್ಬಿ ತೆರೆದೆವು. ಕಿರುಬೆರಳಿನಷ್ಟು ದಪ್ಪದ ಆರು ಕಡ್ಡಿಗಳು. ಎಲ್ಲ ಕೂಡಿಸಿ ಕಲಸಿದರೂ ಒಂದು ಇಲಿಯಷ್ಟು ಎತ್ತಾಗುತ್ತಿತ್ತು. "ಇದು ಕೂರಿಗಿ ಎಳಿಯೂದು ಅತ್ಲಾಗಿರ್ಲಿ, ನಮ್ಮ ಬೆಕ್ಕ ಕಂಡ್ರ ಓಡತೈತಿ," ಎಂದರು ಅಪ್ಪ. ಅವ್ವನನ್ನು ಕೂಗಿ ಹಿತ್ತಲಿನ ಬುಟ್ಟಿಯ ಎರಿ ಮಣ್ಣು ತರಿಸಿದರು. ಅವ್ವ ತಂದಿಟ್ಟು, ಮೂವರನ್ನೂ ಒಮ್ಮೆ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನಕ್ಕಳೋ ಮತ್ತೇನೋ, ನನಗೆ ತಿಳಿಯಲಿಲ್ಲ.

ನೀರು ಹಾಕಿ ಮಣ್ಣು ನಾದತೊಡಗಿದೆವು. ನಾನು ಕಡತ ಮುಟ್ಟುವ ಹಾಗೆ ಬೆರಳ ತುದಿಯಿಂದ ಮುಟ್ಟುತ್ತಿದ್ದೆ. ಅಪ್ಪನಿಗೆ ತಡೆಯಲಿಲ್ಲ. "ಹಂಗಲ್ಲೋ, ಹಿಂಗ," ಎಂದು ನನ್ನ ಮುಂಗೈ ಹಿಡಿದು, ಅಂಗೈಯ ಬುಡವನ್ನು ಮಣ್ಣಿನೊಳಗೆ ಒತ್ತಿಸಿದರು. ಕೈ ಬಿಡಲಿಲ್ಲ. ಸ್ವಲ್ಪ ಹೊತ್ತು ನಾಲ್ಕು ಕೈಯೂ ಒಂದೇ ಮಣ್ಣಿನಲ್ಲಿದ್ದವು. ನನಗಾಗ ಮೂವತ್ತೈದು ದಾಟಿತ್ತು. ಅಪ್ಪ ಅದಕ್ಕೆ ಮುಂಚೆ ನನ್ನ ಕೈ ಹಿಡಿದದ್ದು ಎಷ್ಟು ನೆನೆದರೂ ನೆನಪಾಗಲಿಲ್ಲ. ಕಾಕಾನ ಕೈ ನೆನಪಿದೆ. ಅಪ್ಪನ ಹೆಗಲ ಮೇಲೆ ಕಾಕಾನ ಮಗ ಕೂತದ್ದೂ ನೆನಪಿದೆ. ವ್ಯವಹಾರ ಆಗಲೂ ಚೊಕ್ಕವಿತ್ತು.

"ನೀ ಇಕಿಯಷ್ಟ ಇದ್ದಾಗ," ಎಂದರು ಅಪ್ಪ, ಮಣ್ಣು ನೋಡುತ್ತಲೇ, "ದನದ ಕೊಟಗ್ಯಾಗ ಒಂದ ಎತ್ತ ಮಾಡಿ ಗ್ವಾದ್ಲಿ ಹಿಂದ ಇಟ್ಟಿದ್ನಿ. ನಿಮ್ಮಜ್ಜ ಹೊರಗ ಹೋಗ್ಲಿ, ಕೊಡೂಣು ಅಂತ."

"ಕೊಡಲಿಲ್ಲಲ್ರಿ?"

"ಆಂವ ಅವತ್ತ ಹೊರಗ ಹೋಗಲೇ ಇಲ್ಲ. ಮಣ್ಣ ಒಣಗಿ ಬಿರಕ ಬಿಟ್ತು."

ಇಷ್ಟೇ ಹೇಳಿ, "ಕೋಡಿಗೆ ಆ ಹಳದಿ ಕೊಡವಾ ಇಲ್ಲಿ," ಎಂದು ನೀಲಾಗೆ ಕೈಚಾಚಿದರು.

ಅಪ್ಪ ಒಳ್ಳೆಯ ಎತ್ತು ಮಾಡಿದರು ಎಂದು ಬರೆಯುವ ಆಸೆಯಿದೆ, ಆದರೆ ಮಾಡಲಿಲ್ಲ. ಜೀವಮಾನವೆಲ್ಲ ಎತ್ತಿನ ಹಿಂದೆ ನಡೆದವರು, ಎತ್ತಿನ ಹಿಂಭಾಗವನ್ನು ಬಹಳ ಚೆನ್ನಾಗಿ ಮಾಡಿದರು. ಮುಂಭಾಗಕ್ಕೆ ಬಂದಾಗ ಅದು ಯಾವ ಪ್ರಾಣಿಯಾಗಬೇಕೆಂದು ಮಣ್ಣಿಗೇ ತಿಳಿಯದಾಯಿತು. "ಅಜ್ಜಾ, ಇದು ಹಂದಿ," ಎಂದಳು ನೀಲಾ. ನನ್ನದು ಮೂರು ಕಾಲಿನ ಮೇಲೆ ಒಳ್ಳೆಯ ಸ್ಥಿರತೆಯಿಂದ ನಿಂತಿತು. ನಾಲ್ಕನೆಯದು ಹಚ್ಚಿದೊಡನೆ ಬಿದ್ದಿತು. ಅದಕ್ಕೇ ತೆಗೆದುಬಿಟ್ಟೆ. ನೀಲಾಳದು ಮಾತ್ರ ಎತ್ತಿನ ಹಾಗಿತ್ತು. ಹುಬ್ಬಳ್ಳಿಯ ಮಣ್ಣಿಗೂ ಕೊನೆಗೆ ಯೋಗ್ಯ ಸ್ಥಾನ ಸಿಕ್ಕಿತು: ಹಳದಿ ಕೋಡು, ಬೆನ್ನಿಗೆ ಕೆಂಪು ಜೂಲ, ನೀಲಿ ಗೆಜ್ಜೆ. ಮೈ ಅಣ್ಣಿಗೇರಿಯದು, ಬೆಡಗು ಹುಬ್ಬಳ್ಳಿಯದು. ನಮ್ಮ ಊರಿನ ಪಾಸಿನವರೆಲ್ಲ ಹಾಗೇ ಅಲ್ಲವೇ?

ಅಮಾವಾಸ್ಯೆಗೆ ನೀಲಾಳ ಎತ್ತಿಗೆ ಪೂಜೆ, ನೈವೇದ್ಯ. ಅದರ ಮರುದಿನ ನಮ್ಮಲ್ಲಿ ಮಕ್ಕಳು ಒಂದು ಎತ್ತಿನ ಕಾಲು ಮುರಿದು, ಎತ್ತು ಕುಂಟಾಯಿತೆಂದು ಹಾಡುತ್ತ ಮನೆಮನೆಗೆ ಹೋಗಿ ಕಾಳು ಬೇಡುತ್ತಾರೆ. ನೀಲಾ ಏನನ್ನೂ ಮುರಿಯಬೇಕಾಗಲಿಲ್ಲ. ಮಣೆಯ ಮೇಲೆ ನನ್ನ ಮೂರು ಕಾಲಿನದನ್ನೂ ಅಪ್ಪನ ಹಂದಿಯನ್ನೂ ಬಾಜುಬಾಜು ಇಟ್ಟುಕೊಂಡು ಹೊರಟಳು. ಆ ಎರಡನ್ನೂ ಕಂಡ ಓಣಿಯ ಹೆಂಗಸರಿಗೆ ಅಂತಃಕರಣ ಉಕ್ಕಿ, ಉಡಿ ತುಂಬ ಜೋಳ ಹಾಕಿದರು. ಪ್ರತಿ ಬಾಗಿಲಲ್ಲೂ ಅವಳು ಸಾರುತ್ತಿದ್ದಳಂತೆ: "ಇದು ನಮ್ಮಜ್ಜ ಮಾಡಿದ್ದು. ಇದು ನಮ್ಮಪ್ಪ ಮಾಡಿದ್ದು."

ನಮ್ಮಪ್ಪ. ಹೆಂಡತಿ ನನಗೆ ಇದನ್ನು ಹೇಳಿದಾಗ ನಾನು ಮತ್ತೆ ಕ್ಯಾಲೆಂಡರ್ ನೋಡಿದೆ.

ಮುಂದಿನ ರವಿವಾರವೂ ಮಳೆ. ಊಟವಾದ ಮೇಲೆ ಅಪ್ಪ ಎದ್ದು, ಛತ್ರಿ ತೆಗೆದುಕೊಂಡು, ಮೂರು ಮನೆಗೆ ಕೇಳುವಂತೆ, "ನಾ ಹೊಲಕ್ಕ ಹೊಂಟೀನಿ. ಹೊತ್ತಾಗತೈತಿ ಬರೂದು," ಎಂದು ಸಾರಿದರು. ಆ ಕೆಸರಿನಲ್ಲಿ ಹೊಲದಲ್ಲಿ ಏನು ಕೆಲಸವೆಂದು ಯಾರೂ ಕೇಳಲಿಲ್ಲ. ಚಪ್ಪಲಿಯ ಸಪ್ಪಳ ಕಟ್ಟೆ ಇಳಿಯಿತು. ನಾನು ಪೇಪರು ಮಡಚಿಟ್ಟೆ. ನೀಲಾ ಡಬ್ಬಿ ತಂದಳು. ಕೂತು ಆಡುತ್ತಿದ್ದಂತೆ ನನಗೆ ಹೊಳೆಯಿತು: ಅಪ್ಪ ತಮ್ಮ ಅಪ್ಪನಿಂದ ಬಯಸಿದ್ದು ಇಷ್ಟೇ, ಒಂದಿಷ್ಟು ಹೊತ್ತು ಹೊರಗೆ ಹೋಗಲಿ ಎಂದು.

ಎತ್ತಿಗೊಂದು ಮಣ್ಣಿನ ಬಂಡಿ ಮಾಡುತ್ತಿದ್ದೆವು, ಅದಕ್ಕೆ ಇನ್ನೂ ಎರಡನೆಯ ಗಾಲಿ ಹಚ್ಚಿರಲಿಲ್ಲ; ನೀಲಾ ತಲೆಯೆತ್ತಿ, "ಅಜ್ಜ ಬಾಗಲ ಹಿಂದ ನಿಂತಾನ," ಎಂದಳು.

ಬಾಗಿಲ ಸಂದಿನಿಂದ ಛತ್ರಿಯ ತುದಿ ಕಾಣುತ್ತಿತ್ತು. ಅದು ಸ್ವಲ್ಪ ಹೊತ್ತು ವಿಚಾರ ಮಾಡಿತು. ಆಮೇಲೆ ಅಪ್ಪ ಒಳಗೆ ಬಂದು, ಹೊಲದ ಸಂಗತಿ ಎತ್ತದೆ, ನೆಲದ ಮೇಲೆ ಕೂತು ಕೇಳಿದರು:

"ಆ ಹಳದಿ ಉಳದೈತೇನ?"

ಉಳಿದಿರಲಿಲ್ಲ. ಮರುದಿನ ಸಂಜೆ ರೈಲಿನಲ್ಲಿ ನನ್ನ ಕೈಯಲ್ಲಿ ಮತ್ತೊಂದು ಡಬ್ಬಿ ಕಂಡು ಗುರುಪಾದಪ್ಪನವರಿಗೆ ಹೇಳಲಾಗದಷ್ಟು ಆನಂದವಾಯಿತು.

"ಮತ್ತ ಮಣ್ಣೇನ್ರಿ? ಈ ಸಲ ಯಾರದ್ರಿ ಹುಟ್ಟಿದಹಬ್ಬ?"

"ನಮ್ಮಪ್ಪಂದು," ಎಂದೆ.

ಅಪ್ಪ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲವೆಂದು ಮೇಲೆ ಹೇಳಿದ್ದೇನೆ. ಆದ್ದರಿಂದ ನಾನಂದದ್ದು ಸುಳ್ಳೆಂದು ಯಾರೂ ಸಾಧಿಸಲಾರರು.